ಅಂಗಳ ಡೊಂಕಾಗಿಯೇ ಇತ್ತು!

“ಅಪ್ಪಾ, ಈ ಲ್ಯಾಪ್‌ಟಾಪ್ ಇನ್ನು ನನ್ನ ಕೈಲಿ ಆಗೋದಿಲ್ಲ.”

2023ರ ದಸರಾ ರಜೆಗೆ ಬೆಂಗಳೂರಿನ ಹಾಸ್ಟೆಲಿನಿಂದ ತಿಪಟೂರಿಗೆ ಬಂದ ಮಗಳು ಬ್ಯಾಗು ಇಳಿಸುವ ಮೊದಲೇ ಆಡಿದ ಮಾತು ಇದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಗಾದೆಗಳು ನಾಲಗೆಯ ತುದಿಯಲ್ಲೇ ಕುಳಿತಿರುತ್ತವೆ. “ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ” ಎಂದುಬಿಟ್ಟೆ. ಮಗಳು ಮರುಮಾತಾಡಲಿಲ್ಲ. ಅಡುಗೆಮನೆಯಿಂದ ಇವಳು ಮಾತ್ರ, “ರೀ, ಮಗು ಈಗ ತಾನೇ ಬಂದಿದೆ. ಮೊದಲು ಕಾಫಿ ಕುಡಿಯಲಿ, ಆಮೇಲೆ ಗಾದೆ ಹೇಳುವಿರಂತೆ” ಎಂದಳು.

ಆ ಲ್ಯಾಪ್‌ಟಾಪಿಗೆ ಒಂದು ಪುಟ್ಟ ಇತಿಹಾಸವಿದೆ. 2018ರಲ್ಲಿ ಮಗ ಇಂಜಿನಿಯರಿಂಗ್ ಸೇರಿದಾಗ ಕೊಂಡದ್ದು. ಅವನಿಗೆ ಕೆಲಸ ಸಿಕ್ಕಿ ಕಂಪೆನಿಯೇ ಬೇರೊಂದನ್ನು ಕೊಟ್ಟ ಮೇಲೆ, ಅಣ್ಣನ ಪುಸ್ತಕ ತಂಗಿಗೆ ಬರುವಂತೆ ಇದೂ ಮಗಳಿಗೆ ಬಂತು. ಅವನಿಗೆ ಬೇಕಿದ್ದುದು ಪ್ರೋಗ್ರಾಂ ಬರೆಯಲು, ರಾತ್ರಿ ಸಿನಿಮಾ ನೋಡಲು. ಇವಳು ಕಲಿಯುತ್ತಿರುವುದು ಅನಿಮೇಷನ್. ಓದುವ ಮೇಜನ್ನು ಕೊಟ್ಟು ಇದರ ಮೇಲೆ ಮರಗೆಲಸ ಮಾಡು ಎಂದಂತಾಗಿತ್ತು. ಅದು ನನಗೆ ಆಗ ತಿಳಿದಿರಲಿಲ್ಲ.

ರಾತ್ರಿ ಊಟವಾದ ಮೇಲೆ “ಬಾ ಅಪ್ಪಾ, ಒಂದು ಗಂಟೆ ನನ್ನ ಪಕ್ಕ ಕೂತು ನೋಡು” ಎಂದು ಕರೆದಳು. ಒಂದು ಫೈಲು ತೆರೆಯಲು ಕೊಟ್ಟಳು. ನಾನು ಎದ್ದು ಹೋಗಿ ಗೇಟಿಗೆ ಬೀಗ ಹಾಕಿ, ನೀರು ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಆಗ ಅವಳು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ಬಂತು. ಡಿಸ್ಕ್ ಶೇಕಡ 100, ಮೆಮೊರಿ ಶೇಕಡ 94. ಪ್ರೊಸೆಸರ್ ಮಾತ್ರ ಶೇಕಡ 20ರ ಹತ್ತಿರ ಆರಾಮವಾಗಿತ್ತು. “ಯಾರು ದುಡೀತಿದ್ದಾರೆ, ಯಾರು ಸುಮ್ಮನೆ ಕಾಯ್ತಿದ್ದಾರೆ ಅನ್ನೋದು ಇದರಲ್ಲಿ ಗೊತ್ತಾಗುತ್ತೆ ಅಪ್ಪಾ.”

ಮರುದಿನ ಇಬ್ಬರೂ ಊರಿನ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ನನಗೆ ಪಾಠ ಹೇಳಿದ. ರ‍್ಯಾಮ್ ಎಂದರೆ ಕೆಲಸ ಮಾಡುವ ಮೇಜು, ಡಿಸ್ಕ್ ಎಂದರೆ ಬೀರು. ಮೇಜು ಚಿಕ್ಕದಾದರೆ ಸಾಮಾನನ್ನು ಬೀರುವಿಗೆ ಇಡುವುದು, ಮತ್ತೆ ತೆಗೆಯುವುದು, ಇದೇ ಕೆಲಸವಾಗುತ್ತದೆ. ನಮ್ಮ ಮೇಜು 4 ಜಿಬಿ. ಬೀರುವೋ ತಟ್ಟೆ ತಿರುಗುವ ಹಳೆಯ ಹಾರ್ಡ್‌ಡಿಸ್ಕು. ಸೆಕೆಂಡಿಗೆ ಹೆಚ್ಚೆಂದರೆ ನೂರು ಚಿಲ್ಲರೆ ಮೆಗಾಬೈಟ್ ಓದುತ್ತದೆ. ಅದೇ ಜಾಗದಲ್ಲಿ ಕೂರುವ ಎಸ್‌ಎಸ್‌ಡಿ ಐನೂರರವರೆಗೆ ಓದಬಲ್ಲದು. ಚಿಕ್ಕಚಿಕ್ಕ ಫೈಲುಗಳಲ್ಲಿ ಈ ಅಂತರ ಇನ್ನೂ ಹೆಚ್ಚು.

ಹುಡುಗ ಹಿಂಬದಿ ಬಿಚ್ಚಿ ನೋಡಿದ. ಇದ್ದ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದರು, ಆದರೆ ಪಕ್ಕದಲ್ಲಿ ಒಂದು ಖಾಲಿ ಜಾಗವಿತ್ತು. ಅಲ್ಲಿಗೆ 8 ಜಿಬಿ ಸೇರಿಸಿ, ಹೊಸ ಎಸ್‌ಎಸ್‌ಡಿ ಕೂರಿಸಿ, ಫ್ಯಾನಿಗೆ ಮೆತ್ತಿಕೊಂಡಿದ್ದ ಐದು ವರ್ಷದ ಧೂಳು ತೆಗೆದ. ಪ್ರೊಸೆಸರಿನ ಮೇಲೆ ಒಣಗಿದ್ದ ಪೇಸ್ಟನ್ನೂ ಬದಲಿಸಿದ. ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ಹಳೆಯ ಡಿಸ್ಕು ಒಂದು ಡಬ್ಬಿಯೊಳಗೆ ಸೇರಿ ಬ್ಯಾಕಪ್ ಇಡಲು ಆಯಿತು. ಮೊದಲು ಶುರುವಾಗಲು ನಾಲ್ಕು ನಿಮಿಷ ಬೇಡುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಕಣ್ಣು ಬಿಟ್ಟಿತು. ನಾನಂತೂ ಗೆದ್ದವನಂತೆ ಬೀಗಿದೆ. ಹೊಸದಕ್ಕೆ ಹಾಕಬೇಕಿದ್ದ ಹಣ ಉಳಿಯಿತಲ್ಲ!

ಎರಡು ವರ್ಷ ಅದು ನಿಜಕ್ಕೂ ದುಡಿಯಿತು. ಹಾಗಾಗಿ, ಮಕ್ಕಳು ಹೊಸದು ಬೇಕು ಎಂದಾಗ ಮೊದಲು ಹಿಂಬದಿ ಬಿಚ್ಚಿಸಿ ನೋಡಿ ಎಂದು ಇಂದಿಗೂ ಹೇಳುತ್ತೇನೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ.

2025ರ ದಸರಾಕ್ಕೆ ಬಂದ ಮಗಳು ಏನನ್ನೂ ಕೇಳಲಿಲ್ಲ. ಅದು ಅವಳ ಕೊನೆಯ ವರ್ಷ. ಸ್ವಂತದ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕು. ವಿಷಯ ಏನೆಂದು ಕೇಳಿದೆ. “ಒಂದು ಖಾಲಿ ಕೋಣೆ, ಒಬ್ಬ ಮುದುಕ. ಎರಡು ನಿಮಿಷ ಸಾಕು” ಎಂದಳು. ಬೇಸಿಗೆಯಲ್ಲಿ ನಮ್ಮೂರ ಸಂತೆ, ಮಳೆ, ಜನ ಎಂದೆಲ್ಲ ನೋಟ್‌ಬುಕ್ಕಿನ ತುಂಬ ಚಿತ್ರ ಬರೆದದ್ದು ನೆನಪಾಗಿ, ಸಂತೆ ಏನಾಯಿತು ಎಂದೆ. “ಬಿಡು ಅಪ್ಪಾ, ಅದು ಇದರಲ್ಲಿ ಆಗಲ್ಲ.”

ಆಮೇಲೆ ಲೆಕ್ಕ ಹಾಕಿ ತೋರಿಸಿದಳು. ಅನಿಮೇಷನ್ ಒಂದು ಸೆಕೆಂಡಿಗೆ 24 ಚಿತ್ರ ಬೇಡುತ್ತದೆ. ಐದು ನಿಮಿಷಕ್ಕೆ 7200 ಚಿತ್ರ. ತೀರ ಸರಳವಾದ ದೃಶ್ಯಕ್ಕೇ ಈ ಯಂತ್ರ ಒಂದೊಂದು ಚಿತ್ರಕ್ಕೆ ಒಂದು ನಿಮಿಷ ತೆಗೆದುಕೊಂಡರೆ 120 ಗಂಟೆ, ಎಂದರೆ ಹಗಲೂ ರಾತ್ರಿ ಐದು ದಿನ. ಒಂದು ತಪ್ಪು ಕಂಡರೆ ಮತ್ತೆ ಮೊದಲಿಂದ. ಮಳೆ ಮತ್ತು ಜನ ಸೇರಿದರೆ ಕೇಳುವುದೇ ಬೇಡ. ಹಾಗಾಗಿ ಸಂತೆ ಹೋಗಿ ಕೋಣೆ ಬಂದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವಳಿಗೆ ಕಲಿಸಿದವನು ನಾನೇ.

ಅವತ್ತು ರಾತ್ರಿ ನಮ್ಮಪ್ಪನ ನೆನಪಾಯಿತು. ಅಪ್ಪ ದರ್ಜಿ. ಕಾಲಿನಿಂದ ತುಳಿಯುವ ಒಂದೇ ಮಿಷನ್ನಿನಲ್ಲಿ ನಮ್ಮನ್ನೆಲ್ಲ ಸಾಕಿದರು. ಬೆಲ್ಟು ಹರಿದರೆ ಬೆಲ್ಟು ಹಾಕಿ, ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಅದನ್ನು ಓಡಿಸಿದರು. ಕೊನೆಕೊನೆಗೆ ಅದು ದಪ್ಪ ಬಟ್ಟೆಯಲ್ಲಿ ಹೊಲಿಗೆ ಬಿಡತೊಡಗಿತು. ಯಾರಾದರೂ ಮದುವೆಯ ಕೋಟು ಹೊಲಿಸಲು ಬಂದರೆ “ಪುರುಸೊತ್ತಿಲ್ಲ” ಎಂದು ಕಳಿಸುತ್ತಿದ್ದರು. ಬರಬರುತ್ತಾ ಊರಿನವರು ಇವರಿಗೆ ಕೋಟು ಬರುವುದಿಲ್ಲ ಎಂದುಕೊಂಡರು. ಆಮೇಲೆ ಅಪ್ಪನೂ ಹಾಗೆಯೇ ನಂಬಿಬಿಟ್ಟರು.

ಯಂತ್ರ ನಿಧಾನವಾದರೆ ಕಾಯಬಹುದು. ಆದರೆ ಯಂತ್ರ ಒಪ್ಪುವುದನ್ನಷ್ಟೇ ಮನಸ್ಸು ಯೋಚಿಸತೊಡಗಿದರೆ ಆ ನಷ್ಟಕ್ಕೆ ರಿಪೇರಿ ಅಂಗಡಿ ಇಲ್ಲ. ಬೆಳಿಗ್ಗೆ ಇವಳಿಗೆ ಹೇಳಿದೆ. ಅವಳು ಚೀಟಿಯ ಹಣ ಮುಂದಿಟ್ಟಳು. ಮನೆಗೆ ಸುಣ್ಣಬಣ್ಣ ಮುಂದಿನ ವರ್ಷಕ್ಕೆ ಹೋಯಿತು.

ಬೇರೆ ಕಾರಣವೂ ಕೂಡಿಬಂತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಆ ಅಕ್ಟೋಬರ್ 14ಕ್ಕೆ ಮುಗಿಯಿತು. ಕೆಲವು ಅಪವಾದ ಬಿಟ್ಟರೆ ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನಷ್ಟೇ ಒಪ್ಪುತ್ತದೆ. ನಮ್ಮದು ಏಳನೆಯದು.

ಈ ಸಲ ಅಂಗಡಿಗೆ ಹೋಗುವ ಮೊದಲು ಮಗಳು ಒಂದು ಹಾಳೆಯಲ್ಲಿ ತನ್ನ ಕೆಲಸಗಳ ಪಟ್ಟಿ ಬರೆದಳು, ಕಂಪೆನಿಗಳ ಪಟ್ಟಿಯನ್ನಲ್ಲ. ತಂತ್ರಾಂಶಕ್ಕೆ ಹಣ ಬೇಕಿರಲಿಲ್ಲ. ಅವಳು ಬಳಸುವ ಬ್ಲೆಂಡರ್ ಉಚಿತ. ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲೇ ಮಾಡಿದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂದಿತ್ತು. ಹಾಗಾಗಿ ಇದ್ದ ಹಣವೆಲ್ಲ ಯಂತ್ರಕ್ಕೇ. ರ‍್ಯಾಮ್ 16 ಜಿಬಿಗೆ ಕಡಿಮೆ ಇರಬಾರದು, ಮುಂದೆ ಹೆಚ್ಚಿಸಲು ಜಾಗ ಇರಬೇಕು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ಎಲ್ಲವನ್ನೂ ಬೆಸೆದೇ ಕೊಡುತ್ತಾರೆ. ಚಿತ್ರಗಳನ್ನು ಬೇಗ ಮೂಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕು. ಪರದೆ ಎಸ್‌ಆರ್‌ಜಿಬಿ ಎಂಬ ಅಳತೆಯ ಬಣ್ಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೋರಿಸಬೇಕು. ಅಗ್ಗದ ಪರದೆಗಳಲ್ಲಿ ಕೆಂಪು ಕೂಡ ಮಾಸಿದ ಕೆಂಪಾಗಿ ಕಾಣುತ್ತದೆ. ತೂಕ, ಹೊಳಪು, ಬೆರಳಚ್ಚಿನ ಬೀಗ ಇವೆಲ್ಲ ಹಾಳೆಯಲ್ಲಿ ಇರಲೇ ಇಲ್ಲ.

ಅಂಗಡಿಗೆ ತನ್ನದೇ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ತೆರೆದು ನೋಡಿದಳು. ತೀರ ದುಬಾರಿಯದನ್ನು ಅವಳೇ ಬೇಡವೆಂದಳು. ಎಪ್ಪತ್ತು ಸಾವಿರದ ಆಸುಪಾಸಿನಲ್ಲಿ ವ್ಯವಹಾರ ಮುಗಿಯಿತು. ಫಿಲ್ಮು ಒಪ್ಪಿಸಲು ಇನ್ನೂ ತಿಂಗಳುಗಟ್ಟಲೆ ಸಮಯವಿತ್ತು. ಪರೀಕ್ಷೆಯ ಹಿಂದಿನ ವಾರ ಹೊಸ ಯಂತ್ರ ತರುವುದು, ಹೊಸ ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಿದಂತೆ. ಮೂರು ವಾರ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಪ್ರತಿ ಫೈಲೂ ಬಂದಿದೆಯೇ ಎಂದು ನೋಡಿಕೊಂಡಳು.

ಅದೇ ಸರಳ ದೃಶ್ಯ ಹೊಸದರಲ್ಲಿ ಹತ್ತು ಸೆಕೆಂಡಿಗೆ ಮೂಡುತ್ತದಂತೆ. 120 ಗಂಟೆಯ ಜಾಗದಲ್ಲಿ 20. ಉಳಿದ ಹೊತ್ತೆಲ್ಲ ಮಳೆಗೆ ಮತ್ತು ಜನಕ್ಕೆ.

ಸಂಕ್ರಾಂತಿಗೆ ಬಂದಾಗ ಮೊದಲ ಎರಡು ನಿಮಿಷ ತೋರಿಸಿದಳು. ಸಂತೆ ನಮ್ಮದೇ. ಮಳೆ ಬರುತ್ತಿದ್ದಂತೆ ಜನ ತಲೆಯ ಮೇಲೆ ಗೋಣಿಚೀಲ ಹೊದ್ದು ಓಡಿದರು. ಚೆನ್ನಾಗಿದೆಯೇ ಎಂದು ತೀರ್ಮಾನಿಸಬೇಕಾದವರು ಅವಳ ಮೇಷ್ಟ್ರುಗಳು. ಕುಣಿತ ಸರಿಯಿಲ್ಲ ಎಂದು ಅವರು ಹೇಳಿದರೂ ಚಿಂತೆಯಿಲ್ಲ, ಅದನ್ನು ತಿದ್ದಿಕೊಳ್ಳಬಹುದು. ಅಂಗಳದ ನೆಪವಂತೂ ಈಗ ಅವಳಿಗಿಲ್ಲ, ನನಗೂ ಇಲ್ಲ.

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ನನಗೆ ಕೊಟ್ಟಿದ್ದಾಳೆ. ಇದನ್ನು ಅದರಲ್ಲೇ ಬೆರಳಚ್ಚು ಮಾಡಿದ್ದೇನೆ. ನನ್ನ ಕುಣಿತಕ್ಕೆ ಆ ಅಂಗಳ ಧಾರಾಳವಾಯಿತು.