ಬಯೋಡಾಟಾದ ಖಾಲಿ ವರ್ಷಗಳು

ರಾಯಚೂರು, ದೇವದುರ್ಗ, ಮಾನ್ವಿಯ ಪದವೀಧರರ ಬಯೋಡಾಟಾದಲ್ಲಿ ಎರಡು-ಮೂರು ವರ್ಷ ಖಾಲಿ ಕಂಡರೆ ಖಾಸಗಿ ಕಂಪನಿಯವರಿಗೆ ಅನುಮಾನ. ಆದರೆ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಉದ್ಯೋಗ ಮೀಸಲಾತಿಯಿರುವ ಈ ಸೀಮೆಯಲ್ಲಿ ಸರ್ಕಾರಿ ನೌಕರಿಗೆಂದು ಓದುತ್ತ ಕೂರುವುದರಲ್ಲಿ ಲೆಕ್ಕಾಚಾರವಿದೆ. ಆ ಲೆಕ್ಕ ತಪ್ಪಿಸಿದವರು ಬೇರೆಯೇ: 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಕಾಯಬೇಕಾಯಿತು. ‘ಕಾಯುತ್ತಲೇ ಬೇರೆ ಕೆಲಸ ಮಾಡಬಹುದಿತ್ತಲ್ಲ?’ ಎನ್ನಬಹುದು. ಟ್ಯೂಷನ್ನೋ ಹೊಲವೋ ಅಂಗಡಿಯೋ, ಹಲವರು ಮಾಡಿಯೇ ಇರುತ್ತಾರೆ. ಸಂಬಳದ ಚೀಟಿಯಿಲ್ಲದ ದುಡಿಮೆಯನ್ನು ಬರೆಯಲು ಸಂಕೋಚ, ಅಷ್ಟೇ. ಸುಳ್ಳು ಅನುಭವ ಪತ್ರ ಹೊಂದಿಸುವ ಬದಲು (ದುಡ್ಡಿಗೆ ಸಿಗುತ್ತದೆ, ಬಿಡಿ) ಬರೆದ ಪರೀಕ್ಷೆಯ ಹೆಸರನ್ನೂ ಆಗ ಮಾಡಿದ ಕೆಲಸವನ್ನೂ ನೇರವಾಗಿ ನಮೂದಿಸಲಿ. ಕೇಳಿದರೆ ತೋರಿಸಲು ಹಾಲ್ ಟಿಕೆಟ್ ಇದ್ದೇ ಇದೆ.