ತರಂಗಾರೋಹಣದ ಪ್ರಯಾಣವಿಚಾರವು

ಕಡಲಿನ ಅಲೆಯು ದಡಕ್ಕೆ ಬರುವಾಗ ಅದರ ಮೇಲೆ ಹಲಗೆಯನ್ನು ತೇಲಿಬಿಟ್ಟು, ಆ ಹಲಗೆಯ ಮೇಲೆ ಎದ್ದು ನಿಂತು ಸವಾರಿ ಮಾಡುವ ಕ್ರೀಡೆಗೆ ಸರ್ಫಿಂಗ್ ಎಂದು ಹೆಸರು. ಹವಾಯಿ ದ್ವೀಪದವರಲ್ಲಿ ಪುರಾತನವಾದ ಈ ಕ್ರೀಡೆಯು 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೋತ್ಸವದಲ್ಲಿ ಮೊದಲ ಬಾರಿಗೆ ಸ್ಥಾನವನ್ನು ಪಡೆಯಿತು. ಇದಕ್ಕಾಗಿ ಹವಾಯಿಗೋ ಆಸ್ಟ್ರೇಲಿಯಾಕ್ಕೋ ಹೋಗಬೇಕಲ್ಲದೆ, ಭರತಖಂಡದಲ್ಲಿ ತಕ್ಕ ಅಲೆಗಳೆಲ್ಲಿವೆ ಎಂದು ಕೇಳುವವರೇ ಬಹಳ. ಇದೇ ಪ್ರಶ್ನೆಯು ನಮ್ಮ ಮನೆಯಲ್ಲಿಯೂ ಎದ್ದಿತು. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಕಿರಿಯ ಮಗಳು, ಇಬ್ಬರು ಗೆಳತಿಯರೊಡನೆ ಮೂಲ್ಕಿಗೆ ಹೋಗಿ ಈ ವಿದ್ಯೆಯನ್ನು ಕಲಿಯುವೆನೆಂದು ತಿಳಿಸಿದಳು. ಅಲೆಗಳು ಅತ್ಯಂತ ದೊಡ್ಡವಾಗಿರುವ ಜುಲೈ ತಿಂಗಳನ್ನೇ ಅವರು ಆರಿಸಿದ್ದರು. ತಾಯಿಯು ಕೂಡದೆಂದಳು. ತೀರ್ಮಾನವು ನಮ್ಮ ಪಾಲಿಗೆ ಬಂದಿತು.

ಅಮರಕೋಶದ ವಾರಿವರ್ಗವು ಅಲೆಗೆ ತರಂಗ, ಊರ್ಮಿ, ವೀಚಿ ಮೊದಲಾದ ಹೆಸರುಗಳನ್ನು ಹೇಳಿ, ಮಹಾತರಂಗಕ್ಕೆ ಉಲ್ಲೋಲ, ಕಲ್ಲೋಲ ಎಂಬ ಬೇರೆ ಹೆಸರುಗಳನ್ನು ಕೊಡುತ್ತದೆ. ಬಾಲ್ಯದಲ್ಲಿ ಕಂಠಪಾಠ ಮಾಡಿದ ಈ ಭೇದವು ಇಷ್ಟು ಕಾಲಕ್ಕೆ ಸಂಸಾರದ ಉಪಯೋಗಕ್ಕೆ ಬಂದಿತು. ಕಲಿಯುವವರಿಗೆ ಬೇಕಾದುದು ಊರ್ಮಿ. ಅದು ಎಲ್ಲಿ, ಯಾವಾಗ ದೊರೆಯುವುದೆಂದು ತಿಳಿಯುವುದೇ ಈ ಪ್ರಯಾಣದ ಸಿದ್ಧತೆಯ ಸಾರವು.

ಅಲೆಯು ಹುಟ್ಟುವುದು ಗಾಳಿಯಿಂದ. ಭೂಮಂಡಲದ ದಕ್ಷಿಣದ ಮಹಾಸಾಗರದಲ್ಲಿ ಬೀಸುವ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಮೈಲಿ ಪ್ರಯಾಣಮಾಡಿ ನಮ್ಮ ಪಶ್ಚಿಮದ ಕರಾವಳಿಗೂ ಬಂದು ಮುಟ್ಟುತ್ತವೆ. ದಡದ ಬಳಿ ನೀರಿನ ಆಳವು ತಗ್ಗಿದಾಗ ಅಲೆಯ ಬುಡವು ತಡೆಯಲ್ಪಟ್ಟು, ತಲೆಯು ಮುಂದಕ್ಕೆ ಬಾಗಿ ಒಡೆಯುತ್ತದೆ. ಆದುದರಿಂದ ಅಲೆ ಎಷ್ಟು ಮುಖ್ಯವೋ ಅದರ ಕೆಳಗಿನ ನೆಲವೂ ಅಷ್ಟೇ ಮುಖ್ಯವು. ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರು ದೂರದ ಮೂಲ್ಕಿಯ ಸಮೀಪದಲ್ಲಿ, ಸಸಿಹಿತ್ಲುವಿನ ಬಳಿ, ಶಾಂಭವಿ ಮತ್ತು ನಂದಿನೀ ನದಿಗಳು ಕಡಲನ್ನು ಸೇರುತ್ತವೆ. ನದಿಗಳು ತಂದು ಹಾಕಿದ ಮರಳಿನ ದಿಬ್ಬಗಳ ಮೇಲೆ ಅಲ್ಲಿ ಅಲೆಗಳು ಮುರಿಯುತ್ತವೆ.

ಈ ಗುಣವನ್ನು ಕಂಡುಕೊಂಡ ಅಮೆರಿಕದ ಸನ್ಯಾಸಿ ಜಾಕ್ ಹೆಬ್ನರ್ ಎಂಬವರು 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ದೇಶಮಟ್ಟದ ಸ್ಪರ್ಧೆಯೂ ನಡೆಯಿತು. ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂಬ ಪ್ರಶ್ನೆಗೂ ಉತ್ತರವು ದೂರದಲ್ಲಿಲ್ಲ. ಉಡುಪಿಯ ಬಳಿಯ ಕೋಡಿಬೆಂಗ್ರೆಯಲ್ಲಿ 2007ರಲ್ಲಿ ಶಾಕಾ ಸರ್ಫ್ ಕ್ಲಬ್ಬನ್ನು ಕಟ್ಟಿದವರಲ್ಲಿ ಇಷಿತಾ ಮಾಳವೀಯ ಎಂಬ ಯುವತಿಯೂ ಒಬ್ಬರು.

ಸ್ಥಳವನ್ನು ಒಪ್ಪಿದೆವು, ಕಾಲವನ್ನು ಒಪ್ಪಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಅದು ಮುಖ್ಯವಾಗಿ ಮೀನಿನ ಸಂತಾನವೃದ್ಧಿಗಾಗಿ ಎಂಬುದು ನಿಜ; ಆದರೂ ಕಡಲಿನಲ್ಲಿಯೇ ಬಾಳಿದ ಮೊಗವೀರರು ಮಳೆಗಾಲದ ಸಮುದ್ರವನ್ನು ಹೇಗೆ ಗೌರವಿಸುವರೆಂಬುದನ್ನು ಕರಾವಳಿಯವರೆಲ್ಲರೂ ಬಲ್ಲರು. ಅವರೇ ದೋಣಿಯನ್ನು ದಡಕ್ಕೇರಿಸುವ ಕಾಲದಲ್ಲಿ, ಹಲಗೆಯನ್ನು ಮೊದಲಬಾರಿ ಹಿಡಿಯುವ ಹುಡುಗಿಯರಿಗೆ ಅಲ್ಲೇನು ಕೆಲಸ? ಮಳೆ ನಿಂತು ಕಡಲು ಶಾಂತವಾದ ಮೇಲೆ ಸೊಂಟದೆತ್ತರದ ಅಲೆಗಳು ದೊರೆಯುತ್ತವೆ. ಹೊಸಬರಿಗೆ ಅವೇ ಸಾಕು. ಸಣ್ಣ ಅಲೆಯಲ್ಲಿ ಏನು ಸ್ವಾರಸ್ಯವೆಂದು ಮಗಳು ಬೇಸರಪಟ್ಟಳು. ವರ್ಣಮಾಲೆಯಲ್ಲಿ ಏನು ಸ್ವಾರಸ್ಯವೆಂದು ಕೇಳಿದ ಮಕ್ಕಳನ್ನು ಬಹುಕಾಲ ಕಂಡವರು ನಾವು, ಉತ್ತರಕ್ಕೆ ತಡವಾಗಲಿಲ್ಲ.

ಇನ್ನೊಂದು ವಿಷಯವನ್ನು ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು. ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಹರಿವಾಗಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅಲೆ ಒಡೆಯದೆ ಪ್ರಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಈ ಸೆಳೆತದ ಜಾಗವಾಗಿರುವುದು. ಅದರಲ್ಲಿ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಿ ಬಲಗುಂದಿ ಮುಳುಗುತ್ತಾರೆ. ಎದೆಗೆಡದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು.

ಆದುದರಿಂದ ನಾವು ಮೂರು ನಿಬಂಧನೆಗಳನ್ನು ಹೇಳಿದೆವು: ಮೂವರೂ ಮೊದಲು ಈಜನ್ನು ಚೆನ್ನಾಗಿ ಕಲಿಯತಕ್ಕದ್ದು, ಶಿಕ್ಷಕರಿಲ್ಲದೆ ನೀರಿಗಿಳಿಯಕೂಡದು, ಶಿಕ್ಷಕರು ಇಂದು ಬೇಡವೆಂದರೆ ಎಷ್ಟೇ ಹಣ ಖರ್ಚಾಗಿದ್ದರೂ ಆ ದಿನ ದಡದಲ್ಲಿಯೇ ಕುಳಿತಿರತಕ್ಕದ್ದು. ಮೂರನೆಯದೇ ಕಠಿನವು. ಮಗಳು ಎರಡು ದಿನ ಯೋಚಿಸಿ ಒಪ್ಪಿಕೊಂಡಳು.

ನವೆಂಬರ್ ತಿಂಗಳಿನಲ್ಲಿ ಹೊರಡುವುದೆಂದು ಈಗ ಗೊತ್ತಾಗಿದೆ. ಈಜಿನ ಅಭ್ಯಾಸವು ನಡೆದಿದೆ. ಕೂಡದೆಂದ ತಾಯಿಯು ತಾನೂ ಜತೆಯಲ್ಲಿ ಹೋಗಿ ಮರಳಿನ ಮೇಲೆ ಕುಳಿತು ನೋಡುವೆನೆಂದು ಹೇಳಿ, ರೈಲಿನಲ್ಲಿ ತನಗೂ ಒಂದು ಸ್ಥಳವನ್ನು ಗೊತ್ತುಮಾಡಿಸಿದ್ದಾಳೆ.