ಕಡಲಿನಿಂದ ಮನೆಗೆ: ಯೋಕೋಹಾಮಾ ಬಂದರಿನಲ್ಲಿ

ಕನ್ನಡಿಗರು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎಂದು ನುಡಿಯುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಹಿರಿಯರೂ ‘ಹೋಗಿ ಬಾ’ ಎಂದೇ ಹರಸುತ್ತಾರೆ. ಹೊರಡುವ ಮಾತಿನಲ್ಲಿಯೇ ಮರಳುವ ಸಂಕಲ್ಪವೂ ಅಡಗಿದೆ. ಈ ಸಾಮಾನ್ಯ ಮಾತಿನ ಆಳವು ನಮಗೆ ಮನವರಿಕೆಯಾದದ್ದು ಜಪಾನಿನ ಯೋಕೋಹಾಮಾ ಬಂದರಿನಲ್ಲಿ. ಟೋಕಿಯೋದಲ್ಲಿ ಉದ್ಯೋಗದಲ್ಲಿರುವ ಸೋದರಳಿಯನ ಒತ್ತಾಯಕ್ಕೆ ಮಣಿದು 2024ರ ವಸಂತದಲ್ಲಿ ನಾವು ಅವನ ಕುಟುಂಬದೊಡನೆ ಪ್ರವಾಸಿ ಹಡಗನ್ನೇರಿ, ಹದಿನಾಲ್ಕು ದಿನಗಳನ್ನು ಕಡಲಿನ ಮೇಲೆ ಕಳೆದು ಅಲ್ಲಿಗೆ ಮರಳಿದೆವು.

ಇಂತಹ ಹಡಗಿನಿಂದ ಇಳಿಯುವ ಕ್ರಮವೇ ಬೇರೆ. ಹಿಂದಿನ ರಾತ್ರಿಯೇ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗಿಡಬೇಕು. ಮುಂಜಾನೆ ಹಡಗು ಟೋಕಿಯೋ ಕೊಲ್ಲಿಯನ್ನು ಪ್ರವೇಶಿಸಿ ಧಕ್ಕೆಗೆ ತಾಗಿದ ಮೇಲೆ ಆಯಾ ಬಣ್ಣದವರನ್ನು ಸರದಿಯಂತೆ ಕರೆಯುತ್ತಾರೆ. ನೆಲಕ್ಕೆ ಕಾಲಿಟ್ಟರೂ ಕಡಲು ನಮ್ಮನ್ನು ಬಿಡುವುದಿಲ್ಲ. ದಿನಗಟ್ಟಲೆ ತೂಗಾಟಕ್ಕೆ ಹೊಂದಿಕೊಂಡ ಮಿದುಳಿಗೆ ನಿಶ್ಚಲವಾದ ಭೂಮಿಯೇ ತೂಗುವಂತೆ ತೋರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ತಾನಾಗಿ ಶಮನವಾಗುತ್ತದೆ. ಅಲ್ಲಿಯವರೆಗೆ ವೃದ್ಧರು ಮೆಟ್ಟಿಲುಗಳಲ್ಲಿ ಆಸರೆ ಹಿಡಿದು ನಡೆಯುವುದು ಕ್ಷೇಮ.

ಯೋಕೋಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆದದ್ದು 1859ರಲ್ಲಿ. ನಮ್ಮವರಿಗೂ ಇದು ಅಪರಿಚಿತವಲ್ಲ. 1893ರ ಜುಲೈ ತಿಂಗಳಿನಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕೆಯತ್ತ ಹಡಗನ್ನೇರಿದ್ದು ಇಲ್ಲಿಂದಲೇ; ಆ ಪಯಣದಲ್ಲಿ ಅವರ ಸಹಯಾತ್ರಿಕರಾಗಿದ್ದವರು ಜಮಶೇಟ್‌ಜಿ ಟಾಟಾ. ಇಲ್ಲಿಯ ಓಸಾನ್‌ಬಾಶಿ ಧಕ್ಕೆಯ ಮೊದಲ ಕಟ್ಟಡವು 1894ರಲ್ಲಿ ಮುಗಿಯಿತು. ಈಗಿನ ಪ್ರಯಾಣಿಕರ ನಿಲ್ದಾಣವು 2002ರದು. ಅದರ ಮಾಳಿಗೆಯು ಮರದ ಹಲಗೆ ಹಾಸಿದ, ಅಲ್ಲಲ್ಲಿ ಹುಲ್ಲು ಬೆಳೆಸಿದ, ಏರಿಳಿಯುವ ಬಯಲು. ಊರವರು ಇದನ್ನು ‘ತಿಮಿಂಗಿಲದ ಬೆನ್ನು’ ಎಂದು ಕರೆಯುತ್ತಾರೆ. ಪ್ರಯಾಣಿಕರಲ್ಲದವರೂ ಇದನ್ನೇರಿ ಹೋಗುವವರಿಗೆ ಕೈಬೀಸಬಹುದು, ಬರುವವರನ್ನು ಎದುರುಗೊಳ್ಳಬಹುದು.

ಅಲ್ಲಿಂದ ನಡಿಗೆಯ ದೂರದಲ್ಲಿ ಯಾಮಾಶಿತಾ ಉದ್ಯಾನವಿದೆ. ಅದರ ದಂಡೆಯಲ್ಲಿ ‘ಹಿಕಾವಾ ಮಾರು’ ಎಂಬ ಹಳೆಯ ಹಡಗು ವಸ್ತುಸಂಗ್ರಹಾಲಯವಾಗಿ ನಿಂತಿದೆ. 1930ರಲ್ಲಿ ನಿರ್ಮಾಣವಾದ ಈ ಹಡಗು ಅಮೆರಿಕೆಯ ಸಿಯಾಟಲ್ಲಿಗೆ ಜನರನ್ನು ಕೊಂಡೊಯ್ದು ಕರೆತರುತ್ತಿತ್ತು. ಜೂಡೋ ವಿದ್ಯೆಯ ಸ್ಥಾಪಕರಾದ ಜಿಗೊರೋ ಕಾನೋ ಅವರು ಕೈರೋದಲ್ಲಿ ಒಲಿಂಪಿಕ್ ಸಮಿತಿಯ ಸಭೆ ಮುಗಿಸಿ, ಅಮೆರಿಕಾ ಖಂಡದ ಮಾರ್ಗವಾಗಿ ಇದರಲ್ಲಿಯೇ ಮರಳುತ್ತಿದ್ದರು. 1938ರ ಮೇ 4ರಂದು, ತಾಯ್ನಾಡು ಎರಡೇ ದಿನದ ಹಾದಿಯಿರುವಾಗ, ನಡುಗಡಲಿನಲ್ಲಿ ಅವರು ತೀರಿಕೊಂಡರು. ಯುದ್ಧಕಾಲದಲ್ಲಿ ಆಸ್ಪತ್ರೆಯಾಗಿದ್ದ ಇದೇ ಹಡಗು, 1945ರಲ್ಲಿ ಯುದ್ಧ ಮುಗಿದ ಮೇಲೆ ಹೊರನಾಡುಗಳಲ್ಲಿ ಸಿಲುಕಿದ್ದ ಜಪಾನೀಯರನ್ನು ಮನೆ ಸೇರಿಸುವ ಕಾಯಕದಲ್ಲಿ ತೊಡಗಿತು. ವಿನೋದಕ್ಕೆ ಹೋದವರನ್ನೂ ಸೋತು ಬಳಲಿದವರನ್ನೂ ಅದು ಸಮನಾಗಿ ದಡ ಮುಟ್ಟಿಸಿತು.

ಆದರೆ ದಡ ಕಂಡಮಾತ್ರಕ್ಕೆ ಮನೆ ಸೇರಿದಂತಾಗದು. ಈ ಕೊಲ್ಲಿಯ ಇನ್ನೊಂದು ಬದಿಯಲ್ಲಿ, ಬೇ ಬ್ರಿಡ್ಜ್ ಸೇತುವೆ ಚಾಚಿಕೊಂಡ ಕಡೆ, ದೈಕೋಕು ಧಕ್ಕೆಯಿದೆ. 2020ರ ಫೆಬ್ರವರಿಯಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗು ನಿಂತದ್ದು ಅಲ್ಲಿಯೇ. ಜನವರಿ 20ರಂದು ಯೋಕೋಹಾಮಾದಿಂದ ಹೊರಟ ಅದು ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್, ಓಕಿನಾವಾಗಳನ್ನು ಸುತ್ತಿ ಫೆಬ್ರವರಿ 3ರ ಸಂಜೆ ಮರಳಿತು. ಹಾಂಗ್‌ಕಾಂಗಿನಲ್ಲಿ ಇಳಿದಿದ್ದ ಪ್ರಯಾಣಿಕರೊಬ್ಬರಿಗೆ ಕೊರೋನಾ ತಗುಲಿದ್ದುದು ಅಷ್ಟರಲ್ಲಿ ತಿಳಿದಿತ್ತು. ಹಡಗಿನಲ್ಲಿದ್ದ 3,711 ಮಂದಿಗೆ ಊರು ಕಣ್ಣೆದುರಿಗೇ ಇದ್ದರೂ ಇಳಿಯಲು ಅನುಮತಿಯಿರಲಿಲ್ಲ. ಕೊನೆಗೆ 712 ಮಂದಿಗೆ ಸೋಂಕು ತಗುಲಿತು. ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಆರು ಮಂದಿ ಮಾತ್ರ ಪ್ರವಾಸಿಗಳು. ಉಳಿದ 132 ಮಂದಿಯೂ ಸಿಬ್ಬಂದಿ. ಪ್ರವಾಸಿಗಳು ಕೋಣೆಗಳೊಳಗೆ ಕುಳಿತಿರಲು ಬಾಗಿಲು ಬಾಗಿಲಿಗೆ ಊಟ ಮುಟ್ಟಿಸಿದವರು ಹಡಗಿನ ಸಿಬ್ಬಂದಿಯೇ. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನವು 119 ಭಾರತೀಯರನ್ನು ದೆಹಲಿಗೆ ತಂದಿತು. ಮಾರ್ಚ್ 1ರಂದು ಎಲ್ಲರೂ ಇಳಿದ ತರುವಾಯವೇ ನಾಯಕ ಜೆನ್ನಾರೋ ಆರ್ಮಾ ಹಡಗನ್ನು ಬಿಟ್ಟಿಳಿದರು.

ನಮ್ಮ ಹಡಗಿನಲ್ಲಿ ಮಂಗಳೂರು ಕಡೆಯ ತರುಣನೊಬ್ಬನಿದ್ದ. ನಮ್ಮ ಶಾಖಾಹಾರದ ನಿಯಮವನ್ನರಿತು, ದಿನವೂ ಅನ್ನ ಸಾರು ಬೇರೆಯಾಗಿ ಮಾಡಿಸಿ ತರುತ್ತಿದ್ದ. ಇಳಿಯುವ ಬೆಳಿಗ್ಗೆ ಅವನನ್ನು ಬೀಳ್ಕೊಂಡಾಗ, “ನೀವು ಊರಿಗೆ ಹೋಗ್ತೀರಿ ಸರ್. ನಮಗೆ ಸಂಜೆಗೆ ಹೊಸ ಜನ ಬರ್ತಾರೆ” ಎಂದ. ಅವನ ಕರಾರು ಮುಗಿಯಲು ಇನ್ನೂ ಐದು ತಿಂಗಳಿತ್ತು. ಹಡಗು ಬೆಳಿಗ್ಗೆ ಬಂದು ಸಂಜೆಯೇ ಹೊರಡುತ್ತದೆ. ಆ ನಡುವೆ ನೂರಾರು ಕೋಣೆಗಳ ಹಾಸಿಗೆ ಬದಲಾಗಬೇಕು, ಉಗ್ರಾಣ ತುಂಬಬೇಕು. ನಮ್ಮ ಮನೆಗೆ ಮರಳುವ ಹರ್ಷವು ಅವನಿಗೆ ವಿಶ್ರಾಂತಿಯಿಲ್ಲದ ದಿನ.

ಯಾಮಾಶಿತಾ ಉದ್ಯಾನದ ಕಥೆಯನ್ನು ಹೇಳದೆ ಈ ಬರಹ ಮುಗಿಯದು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಯೋಕೋಹಾಮಾ ನೆಲಸಮವಾಯಿತು. ಉರುಳಿದ ಮನೆಗಳ ಅವಶೇಷಗಳನ್ನೇ ಕಡಲಂಚಿಗೆ ತುಂಬಿ, ಮೇಲೆ ಈ ಉದ್ಯಾನವನ್ನು ರಚಿಸಿ 1930ರಲ್ಲಿ ತೆರೆದರು. ಆ ದುರಂತದಲ್ಲಿ ಅಲ್ಲಿ ನೆಲೆಸಿದ್ದ ಭಾರತೀಯ ವರ್ತಕರೂ ಸರ್ವಸ್ವವನ್ನು ಕಳೆದುಕೊಂಡಿದ್ದರು. ಊರವರು ಅವರಿಗೆ ನೆರವಾಗಿ ಮತ್ತೆ ನೆಲೆಗೊಳಿಸಿದರು. ಆ ಉಪಕಾರದ ಸ್ಮರಣೆಗೆಂದು, ಮಡಿದವರ ನೆನಪಿಗೆಂದು, 1930ರ ದಶಕದ ಕೊನೆಯಲ್ಲಿ ಭಾರತೀಯರು ಉದ್ಯಾನದಲ್ಲಿ ಗುಮ್ಮಟವುಳ್ಳ ಒಂದು ನೀರಿನ ಮಂಟಪವನ್ನು ಕಟ್ಟಿಸಿಕೊಟ್ಟರು. ಅದು ಇಂದಿಗೂ ಇದೆ. ಋಣ ತೀರಿಸಲು ಅವರಿಗೆ ತೋಚಿದ್ದು ಕುಡಿಯುವ ನೀರು!

ನಮ್ಮ ಬಯಲುಸೀಮೆಯ ಮನೆಗಳಲ್ಲಿಯೂ ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಬಳಿಕ ಬೆಲ್ಲ ನೀರು. ಪಯಣ ಚೆನ್ನಾಗಿತ್ತೇ ಎಂಬ ಪ್ರಶ್ನೆ ಆಮೇಲಿನದು. ಈಚೆಗೆ ನಮ್ಮ ಅನೇಕ ಮನೆತನಗಳವರು ಹಡಗಿನ ಪ್ರವಾಸಕ್ಕೆ ಹೋಗಿಬರುತ್ತಿದ್ದಾರೆ, ಸಂತೋಷ. ಅವರಲ್ಲಿ ನಮ್ಮದೊಂದು ವಿನಂತಿ. ಇಳಿಯುವ ದಿನ ಪೆಟ್ಟಿಗೆಗಳನ್ನು ಎಣಿಸುವ ಮೊದಲು, ಅಷ್ಟು ದಿನ ಉಣಬಡಿಸಿದ ಕೈಗಳಿಗೆ ಕೃತಜ್ಞತೆಯನ್ನು ಸಲ್ಲಿಸಿ, ‘ನೀನೂ ಕ್ಷೇಮವಾಗಿ ಊರು ಸೇರು’ ಎಂದು ಹರಸಿರಿ. ನೆರೆಹೊರೆಯಲ್ಲಿ ಮಗನನ್ನು ಕಡಲಿಗೆ ಕಳುಹಿಸಿ ದಾರಿ ಕಾಯುತ್ತಿರುವ ತಾಯಿಯೊಬ್ಬಳಿದ್ದರೆ, ನಿಮ್ಮ ಪ್ರವಾಸದ ಚಿತ್ರಗಳನ್ನು ಮೊದಲು ಅವಳಿಗೆ ತೋರಿಸಿರಿ.